ಮಾವನಿಗೊಂದು ಸಿನಿಮಾ ಪೆಟ್ಟಿಗೆ

ಕ್ಷೌರದಂಗಡಿಯ ಒಳಗೋಡೆಗೆ ಒಂದು ಹಲಗೆ ಹೊಡೆದಿತ್ತು. ಹಲಗೆಯ ಮೇಲೆ ಚೆಸ್ ಬೋರ್ಡು, ಬೋರ್ಡಿನ ಮೇಲೆ ಧೂಳು ಬೀಳದ ಹಾಗೆ ಬೋರಲು ಹಾಕಿದ ಪ್ಲಾಸ್ಟಿಕ್ ಬುಟ್ಟಿ. ಆ ಬುಟ್ಟಿಯ ಕೆಳಗೆ ಅರ್ಧಕ್ಕೆ ನಿಂತ ಆಟವೊಂದು ಇಲ್ಲದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಆಟಗಾರರು ಇಬ್ಬರು. ಒಬ್ಬ ಅಂಗಡಿಯ ಕ್ಷೌರಿಕ. ಇನ್ನೊಬ್ಬ ಬೀದಿಯ ಆಚೆ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಚಾಳೀಸಪ್ಪ. ನಲವತ್ತು ದಾಟಿದವರಿಗೆಲ್ಲ ಚಾಳೀಸು ಮಾಡಿಕೊಟ್ಟು ಮಾಡಿಕೊಟ್ಟು ಅವನ ನಿಜವಾದ ಹೆಸರು ಜನಕ್ಕೆ ಮರೆತೇ ಹೋಗಿತ್ತು. ಹೆಂಡತಿಗೆ ನೆನಪಿತ್ತೇನೋ, ಆದರೆ ಅವಳು ‘ರೀ’ ಬಿಟ್ಟು ಬೇರೆ ಏನೂ ಕರೆದವಳಲ್ಲ. ದಿನಾ ಸಂಜೆ ಕ್ಷೌರಿಕನ ಜೊತೆ ಆಡುವುದು, ಸೋಲುವುದು, ಎದ್ದು ಮನೆಗೆ ಹೋಗುವುದು, ಇದು ಮದುವೆಗೂ ಮುಂಚಿನಿಂದ ನಡೆದು ಬಂದ ಪದ್ಧತಿ. ಒಂದು ಸಂಜೆ ಅದೇನು ಗ್ರಹಗತಿ ತಿರುಗಿತೋ, ಕ್ಷೌರಿಕನ ರಾಜ ಮೂಲೆಗೆ ಹೋಗಿ ಸಿಕ್ಕಿಹಾಕಿಕೊಂಡ. ಇನ್ನೆರಡು ನಡೆ ಸಾಕಿತ್ತು. ಚಾಳೀಸಪ್ಪ ರಾಣಿಯನ್ನು ಮುಟ್ಟುವಷ್ಟರಲ್ಲಿ ಫೋನು ಬಂತು.

“ರೀ, ಅಪ್ಪ ಬಂದಿದಾರೆ. ಟ್ರಂಕು ತಗೊಂಡೇ ಬಂದಿದಾರೆ. ಬೇಗ ಬನ್ನಿ.”

ಅವತ್ತು ಎದ್ದು ಹೋದವನಿಗೆ ಮತ್ತೆ ಆ ಬೋರ್ಡಿನ ಮುಂದೆ ಕೂರುವ ಯೋಗ ಬರಲಿಲ್ಲ.

ಮಾವ ಜೀವಮಾನವೆಲ್ಲ ಒಂದೇ ಟಾಕೀಸಿನಲ್ಲಿ ಆಪರೇಟರಾಗಿ ಪರದೆಗೆ ಸಿನಿಮಾ ಬಿಟ್ಟವರು. ಟಾಕೀಸು ಮುಚ್ಚಿ ಗೋಡೌನ್ ಆಯಿತು. ಅದರ ಬಾಗಿಲಿಗೆ ಬೀಗ ಬಿದ್ದ ದಿನವೇ ಮಾವನ ಬಾಯಿಗೂ ಬಿತ್ತು. ಮಗಳ ಮನೆಯ ಹಾಲಿನಲ್ಲಿ ಕೂತು ಗೋಡೆ ನೋಡುವುದೇ ಅವರ ಕೆಲಸವಾಯಿತು. “ಅಪ್ಪ ಒಬ್ರೇ ಇದ್ರೆ ಕೊರಗ್ತಾರೆ, ಸಂಜೆ ನೀವು ಜೊತೇಲಿರಿ” ಎಂದು ಹೆಂಡತಿ ಅಪ್ಪಣೆ ಹೊರಡಿಸಿದಳು. ಅಂದಿನಿಂದ ಮಾವ-ಅಳಿಯ ಎದುರುಬದುರು ಕೂರುತ್ತಿದ್ದರು. “ಕಾಫಿ ಆಯ್ತಾ ಮಾವ?” “ಹೂಂ.” ಆಮೇಲೆ ಊಟದ ತನಕ ಗೋಡೆ ಗಡಿಯಾರವೊಂದೇ ಮಾತಾಡುತ್ತಿತ್ತು. “ಐದೇ ನಿಮಿಷ ಹೋಗಿ ಬರ್ತೀನಿ ಕಣೇ” ಎಂದರೆ, “ಐದು ನಿಮಿಷ ಅಂತ ಹೋದೋರು ಯಾವತ್ತು ಐದು ನಿಮಿಷಕ್ಕೆ ಬಂದಿದೀರಿ?” ಎಂಬ ಪ್ರಶ್ನೆ ಬರುತ್ತಿತ್ತು.

ಹೀಗಿರುವಾಗ ಒಂದು ರಜೆಯ ದಿನ ಬೆಳಿಗ್ಗೆ ಕ್ಷೌರಿಕ ಅವನನ್ನು ಬೀದಿಯಲ್ಲೇ ಹಿಡಿದು ನಿಲ್ಲಿಸಿದ.

“ಇವತ್ತು ಸಂಜೆ ಬಡಗಿ ಬರ್ತಾನೆ. ಗೋಡೆ ತುಂಬ ಹೊಸ ಕನ್ನಡಿ ಹಾಕಿಸ್ತಿದೀನಿ. ಹಲಗೆ ಕೀಳ್ಬೇಕು.”

“ಬೋರ್ಡನ್ನ ಹಾಗೇ ಮೆತ್ತಗೆ ಎತ್ತಿ ಬೇರೆ ಕಡೆ ಇಡಪ್ಪ.”

“ಎತ್ತುವಾಗ ಕಾಯಿ ಅಲ್ಲಾಡಿದ್ರೆ ನೀನು ಸರಿಸಿದೆ ಅಂತ ನಾನು, ನಾನು ಸರಿಸಿದೆ ಅಂತ ನೀನು. ಬೇಡ ಮಾರಾಯ. ಅಲ್ಲಾಡಿದ ಆಟ ರದ್ದಾದ ಆಟ.”

“ಹಾಗಾದ್ರೆ ಈಗ್ಲೇ ನಡಿ, ಮುಗಿಸೋಣ.”

“ರಜೆ ದಿನ! ಗಿರಾಕಿಗಳು ಸೋಪು ಹಚ್ಕೊಂಡು ಕೂತಿದಾರೆ. ಸಂಜೆ ಬಾ. ಬಡಗಿ ಬರೋದ್ರೊಳಗೆ ಬಂದ್ರೆ ಸರಿ.”

ಕಷ್ಟ ಕುತ್ತಿಗೆಗೆ ಬಂದಾಗ ಚಾಳೀಸಪ್ಪನಿಗೂ ಬುದ್ಧಿ ಓಡುತ್ತಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಳಿದ: “ಮಾವ ಹುಟ್ಟಿದಾಗಿನಿಂದ ಸಿನಿಮಾ ನೋಡಿದವರು. ಸಿನಿಮಾ ಇಲ್ದೆ ಒಣಗಿ ಹೋಗ್ತಿದಾರೆ. ಟೀವಿಗೆ ಹಾಕೋ ಒಂದು ಸಣ್ಣ ಪೆಟ್ಟಿಗೆ ಬರುತ್ತಂತೆ. ಅದಿದ್ರೆ ಯಾವ ಸಿನಿಮಾ ಬೇಕಾದ್ರೂ ಕೂತಲ್ಲೇ ನೋಡ್ಬಹುದು. ತಂದುಬಿಡ್ತೀನಿ.”

ಹೆಂಡತಿಯ ಕಣ್ಣು ತುಂಬಿ ಬಂತು. “ಅಪ್ಪನ ಮುಖದಲ್ಲಿ ಒಂದೇ ಒಂದು ನಗು ತರ್ಸಿಬಿಡಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ. ನಾನು ಕೇಳಿದ್ರೆ ಕೇಳಿ.”

“ಮಾವ, ಯಾವ ಸಿನಿಮಾ ಹಾಕ್ಲಿ?” ಎಂದು ಅವನು ಉತ್ಸಾಹದಿಂದ ಕೇಳಿದ.

“ಯಾವ್ದಾದ್ರೂ ಒಂದು” ಎಂದರು ಮಾವ, ಗೋಡೆಯಿಂದ ಕಣ್ಣು ತೆಗೆಯದೆ.

ಹೋಗುವ ದಾರಿಯಲ್ಲಿ ಕ್ಷೌರಿಕನಿಗೆ ವಿಷಯ ತಿಳಿಸಿದಾಗ ಅವನು ಕತ್ತರಿ ಕೆಳಗಿಟ್ಟು ಬಹಳ ಕಳಕಳಿ ತೋರಿಸಿದ. “ಒಬ್ಬನೇ ಹೋಗಿ ಟೋಪಿ ಹಾಕಿಸ್ಕೋಬೇಡ. ನಿಮ್ಮ ಮಹಡಿ ಮೇಲಿನ ವಿಶ್ವಕೋಶನ್ನ ಕರ್ಕೊಂಡು ಹೋಗು. ನಾನೇ ಫೋನ್ ಮಾಡಿ ಹೇಳ್ತೀನಿ, ಇರು.” ಇಷ್ಟು ವರ್ಷದಲ್ಲಿ ಅವನು ತೋರಿಸಿದ ಮೊದಲ ಕಳಕಳಿ ಅದು. ಚಾಳೀಸಪ್ಪನ ಮನಸ್ಸು ಕರಗಿತು.

ವಿಶ್ವಕೋಶ ಎಂದರೆ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದ ಹಿರಿಯರು. ಓದುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಟೀವಿ ಅಂಗಡಿಯಲ್ಲಿ ಒಂದೊಂದು ಡಬ್ಬಿಯನ್ನೂ ಎತ್ತಿ, ತಿರುಗಿಸಿ, ತಳದಲ್ಲಿದ್ದ ಇರುವೆಗಾತ್ರದ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದರು.

“ಇದರ ಮೆಮೊರಿ ಕಡಿಮೆ. ಇದು ಬಿಸಿ ಆಗುತ್ತೆ. ಇದರ ರಿಮೋಟಿನಲ್ಲಿ ಗುಂಡಿ ಕಮ್ಮಿ. ಅದು ಯಾಕಪ್ಪ ಅಷ್ಟು ಹಗುರ ಇದೆ, ಒಳಗೆ ಏನಾದ್ರೂ ಇದೆಯೋ ಇಲ್ವೋ?”

“ಸಾರ್, ಯಾವ್ದೋ ಒಂದು ತಗೊಂಡು ಹೋಗೋಣ” ಎಂದ ಚಾಳೀಸಪ್ಪ.

“ನಿಮ್ಮ ಅಂಗಡೀಲಿ ಯಾವ್ದೋ ಒಂದು ಕನ್ನಡಕ ಕೊಡ್ತೀರಾ?”

ಅಂಗಡಿಯವನೂ ಸುಸ್ತಾಗಿ ಒಂದು ಮೂಲಪ್ರಶ್ನೆ ಎತ್ತಿದ. “ನಿಮ್ಮ ಟೀವಿ ಹಿಂದೆ ಚಪ್ಪಟೆ ತೂತು ಇದೆಯಾ, ಮೂರು ಬಣ್ಣದ ದುಂಡು ತೂತು ಇದೆಯಾ?”

ಚಾಳೀಸಪ್ಪ ಮನೆಗೆ ಫೋನು ಮಾಡಿದ. ಹೆಂಡತಿ ಸ್ಟೂಲು ಹತ್ತಿ, ಗೋಡೆಗೆ ಅಂಟಿಕೊಂಡಿದ್ದ ಟೀವಿಯ ಸಂದಿಯಲ್ಲಿ ಇಣುಕಿ, ವರದಿ ಕೊಟ್ಟಳು: “ತೂತು ಗೀತು ಏನೂ ಕಾಣ್ತಿಲ್ಲ. ಒಂದು ಹಲ್ಲಿ ಇದೆ.”

ಕೊನೆಗೆ ವಿಶ್ವಕೋಶರು ಕಡ್ಡಿಯಂಥದ್ದೊಂದನ್ನು ಆರಿಸಿದರು. ಟೀವಿಯ ಹಿಂದಕ್ಕೆ ನೇರ ಚುಚ್ಚುವುದು, ತಂತಿಯ ತಾಪತ್ರಯವಿಲ್ಲ. ಮನೆಗೆ ಬಂದು ನೋಡಿದರೆ ಟೀವಿಗೂ ಗೋಡೆಗೂ ನಡುವೆ ಹಲ್ಲಿಗೆ ಜಾಗವಿತ್ತೇ ಹೊರತು ಕಡ್ಡಿಗೆ ಇರಲಿಲ್ಲ. ಮತ್ತೆ ಅಂಗಡಿ. ಮತ್ತೆ ಡಬ್ಬಿಗಳ ಪಾರಾಯಣ. ಈ ಸಲ ಸೋಪಿನ ಗಾತ್ರದ ಕಪ್ಪು ಪೆಟ್ಟಿಗೆ ಬಂತು. ಹೊತ್ತು ಮಧ್ಯಾಹ್ನ ದಾಟಿ ಇಳಿಯುತ್ತಿತ್ತು. ಚಾಳೀಸಪ್ಪನ ಕಣ್ಣ ಮುಂದೆ ಬಡಗಿಯೊಬ್ಬ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

ಪೆಟ್ಟಿಗೆ ಹಚ್ಚಿದ ಕೂಡಲೇ ಅದು ‘ಯಾವ ಭಾಷೆ?’ ಎಂದು ಕೇಳಿತು. “ನಾನಿದೀನಿ, ಬಿಡಿ” ಎಂದು ವಿಶ್ವಕೋಶರು ರಿಮೋಟು ಕಸಿದುಕೊಂಡು ಪಟಪಟನೆ ಒತ್ತಿದರು. ಮರುಕ್ಷಣ ಪರದೆಯ ತುಂಬ ಬಾಲ, ಕೊಂಬು, ಚುಕ್ಕೆಗಳಿದ್ದ ಯಾವುದೋ ಲಿಪಿ ತುಂಬಿಕೊಂಡಿತು. ಅದು ಯಾವ ದೇಶದ್ದೆಂದು ವಿಶ್ವಕೋಶರಿಗೂ ಹೊಳೆಯಲಿಲ್ಲ. ಮುಂದಿನದೆಲ್ಲ ಅಂದಾಜಿನ ಮೇಲೆ ನಡೆಯಿತು. ಇಂಟರ್ನೆಟ್ಟಿನ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹುಡುಕಿ, ಬಾಣದ ಗುಂಡಿ ಒತ್ತಿ ಒತ್ತಿ ಸೇರಿಸಬೇಕಾಯಿತು. ಕೊನೆಯ ಅಕ್ಷರ ಮುಟ್ಟುವಾಗ ಬೆರಳು ಜಾರಿ ಎಲ್ಲ ಅಳಿಸಿಹೋಯಿತು. ಚಾಳೀಸಪ್ಪ ಬಚ್ಚಲಿಗೆ ಹೋಗಿ ತಲೆಗೆ ಒಂದು ಚೊಂಬು ತಣ್ಣೀರು ಸುರಿದುಕೊಂಡು ಬಂದ.

ಅಂತೂ ಇಂತೂ ಸಂಜೆಗತ್ತಲಾಗುವ ಹೊತ್ತಿಗೆ ಒಂದು ಹಳೆಯ ಸಿನಿಮಾ ಸಿಕ್ಕಿತು. ತಮ್ಮ ಸಾಧನೆಯನ್ನು ವಿಶ್ವಕೋಶರು ಕಟ್ಟಡಕ್ಕೆಲ್ಲ ಸಾರಿ ಬಂದಿದ್ದರಿಂದ ಅಕ್ಕಪಕ್ಕದವರೆಲ್ಲ ಹಾಲಿನಲ್ಲಿ ಬಂದು ಕೂತರು. ಮಾವನಿಗೆ ಎಲ್ಲರಿಗಿಂತ ಮುಂದೆ, ನಟ್ಟನಡುವೆ, ದೊಡ್ಡ ಕುರ್ಚಿ. ದೀಪ ಆರಿಸಿದರು. ಸಿನಿಮಾ ಶುರುವಾಯಿತು.

ಮಾವ ಒಂದು ನಿಮಿಷ ನೋಡಿದರು. ಎದ್ದರು. ಹಿಂದಿನ ಅಡುಗೆಮನೆಗೆ ನಡೆದರು.

ಹೆಂಡತಿಯ ಮುಖ ಬಾಡಿಹೋಯಿತು. ಚಾಳೀಸಪ್ಪನಿಗೂ ನಿಜವಾಗಿ ಸಂಕಟವಾಯಿತು. ಆದರೆ ಕತ್ತಲಿತ್ತು, ಬಾಗಿಲು ಹತ್ತಿರವಿತ್ತು, ಬಡಗಿ ಇನ್ನೂ ಬಂದಿರಲಿಕ್ಕಿಲ್ಲ. ಅವನು ಮೆಲ್ಲಗೆ ಎದ್ದು ನಿಂತ.

“ಏಯ್! ತಲೆ! ತಲೆ! ಕೂತ್ಕೊಳ್ರಿ!”

ಎಲ್ಲರೂ ಬೆಚ್ಚಿ ಹಿಂದೆ ತಿರುಗಿದರು. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸಲು ಒಂದು ಚೌಕ ಕಿಂಡಿಯಿತ್ತು. ಅದರಲ್ಲಿ ಮಾವನ ಎರಡು ಕಣ್ಣು ಮಿನುಗುತ್ತಿದ್ದವು.

“ರೀ, ಅಪ್ಪ ಮಾತಾಡಿದ್ರು!” ಎಂದು ಹೆಂಡತಿ ಗಂಡನ ತೋಳು ಹಿಡಿದು ಕೂರಿಸಿ, ಕಿಂಡಿಯ ಬಳಿಗೆ ಓಡಿದಳು. “ಯಾಕಪ್ಪ, ಸಿನಿಮಾ ನೋಡಲ್ವಾ?”

“ನಾನು ಸಿನಿಮಾ ಯಾವಾಗ ನೋಡ್ದೆ ಮಗಳೇ?” ಎಂದರು ಮಾವ. “ರೀಲು ನೋಡ್ಕೊಳೋದು, ಮೆಷಿನ್ ನೋಡ್ಕೊಳೋದು, ಅದ್ರಲ್ಲೇ ಆಯುಷ್ಯ ಹೋಯ್ತು. ಬಿಡುವಾದಾಗ ಮೆಷಿನ್ ರೂಮಿನ ಕಿಂಡೀಲಿ ಜನರನ್ನ ನೋಡ್ತಿದ್ದೆ. ಕತ್ತಲಲ್ಲಿ ಅಷ್ಟೊಂದು ತಲೆ. ನಗುವಾಗ ಎಲ್ಲರ ಭುಜ ಕುಣಿಯೋದು. ಅಳುವಾಗ ಒಂದೊಂದೇ ಕೈ ಕಣ್ಣಿನ ಹತ್ರ ಹೋಗೋದು. ನಾನು ಬಿಟ್ಟ ಬೆಳಕಿಗೆ ಅಷ್ಟು ಜನ ಅಳ್ತಿದ್ರಲ್ಲ, ಅದೇ ನನ್ನ ಸಂಬಳ ಅಂದ್ಕೊಂಡಿದ್ದೆ. ನೀವೆಲ್ಲ ಮುಂದೆ ತಿರುಗಿ ಕೂತ್ಕೊಳ್ಳಿ. ನನ್ನನ್ನ ನೋಡ್ಬೇಡಿ.”

ಎಲ್ಲರೂ ಶಾಲೆಯ ಮಕ್ಕಳಂತೆ ಮುಂದೆ ತಿರುಗಿದರು. ಮಾವ ಮಾತಾಡಿದರು, ಸರಿ. ಆದರೆ ಒಪ್ಪಂದ ನಗುವಿನದಾಗಿತ್ತು. ಸಿನಿಮಾದಲ್ಲಿ ನಗುವ ಜಾಗ ಬಂದಾಗಲೆಲ್ಲ ಚಾಳೀಸಪ್ಪ ಭುಜವನ್ನು ಜೋರಾಗಿ ಕುಣಿಸಿದ. ಕಿಂಡಿಯಿಂದ ಸದ್ದಿಲ್ಲ. ನಕಲಿ ಭುಜ ಯಾವುದೆಂದು ಮಾವನಿಗೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಪೌಡರಿನ ವಾಸನೆ ಬಂತು. ಕ್ಷೌರಿಕ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಬಂದು ಚಾಳೀಸಪ್ಪನ ಪಕ್ಕ ಕೂತ.

“ಬೋರ್ಡು?” ಎಂದು ಪಿಸುಗುಟ್ಟಿದ ಚಾಳೀಸಪ್ಪ.

“ಬಡಗಿ ಮಧ್ಯಾಹ್ನಾನೇ ಬಂದ್ಬಿಟ್ಟ. ಕಾಯಿಗಳನ್ನೆಲ್ಲ ಡಬ್ಬಿಗೆ ಹಾಕ್ದೆ.” ಆಮೇಲೆ ಅವನು ಬಹಳ ಗಂಭೀರವಾಗಿ ಕೇಳಿದ: “ವಿಶ್ವಕೋಶ ಚೆನ್ನಾಗಿ ಸಹಾಯ ಮಾಡಿದ್ರಾ?”

ಬೆಳಗಿನ ಆ ಕಳಕಳಿಯೆಲ್ಲ ತನ್ನ ಹೊತ್ತು ಕಳೆಸುವುದಕ್ಕೇ ಇತ್ತೆಂದು ಆಗ ಚಾಳೀಸಪ್ಪನಿಗೆ ಅರ್ಥವಾಯಿತು. ಮೂಲೆ ಸೇರಿದ್ದ ಆ ರಾಜ, ಕೈಗೆ ಬಂದಿದ್ದ ಆ ರಾಣಿ, ಜೀವಮಾನದಲ್ಲಿ ಗೆಲ್ಲಬಹುದಾಗಿದ್ದ ಅದೊಂದೇ ಆಟ. ಪರದೆಯ ಮೇಲೆ ಯಾರೋ ಯಾರನ್ನೋ ಬಿಟ್ಟು ರೈಲು ಹತ್ತುತ್ತಿದ್ದರು. ಚಾಳೀಸಪ್ಪ ಕನ್ನಡಕ ತೆಗೆದು, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ಕಿಂಡಿಯಲ್ಲಿ ಯಾರೋ ಮೆಲ್ಲಗೆ ನಕ್ಕರು. ಆಮೇಲೆ ಬಾಯಿ ತುಂಬ ನಕ್ಕರು.

“ರೀ, ಅಪ್ಪ ನಕ್ಕರು!” ಎಂದು ಹೆಂಡತಿ ಅಳುತ್ತಲೇ ಕೂಗಿದಳು. “ನೀವು ಗೆದ್ರಿ! ನಾಳೆಯಿಂದ ಎಲ್ಲಿಗೆ ಬೇಕಾದ್ರೂ ಹೋಗಿ.”

“ಎಲ್ಲಿಗೂ ಬೇಡ” ಎಂದಿತು ಕಿಂಡಿ. “ಹೌಸ್‌ಫುಲ್ ದಿನಾನೂ ಹೀಗೆ ಮನಸ್ಸು ಬಿಚ್ಚಿ ಅತ್ತವರನ್ನ ನಾನು ನೋಡಿಲ್ಲ. ಅಳಿಯಂದ್ರು ದಿನಾ ಸಂಜೆ ಅದೇ ಜಾಗದಲ್ಲಿ ಕೂತ್ಕೊಳ್ಳಿ. ಕನ್ನಡಕ ತೆಗೆಯೋದು ಇಲ್ಲಿಂದ ಬಹಳ ಚೆನ್ನಾಗಿ ಕಾಣುತ್ತೆ.”

ಹೆಂಡತಿ ಅಪ್ಪನನ್ನು ನೋಡಿದಳು, ಆಮೇಲೆ ಕೈಮುಗಿಯುವಂಥ ಕಣ್ಣಿನಿಂದ ಗಂಡನನ್ನು ನೋಡಿದಳು. ಚಾಳೀಸಪ್ಪ ಕನ್ನಡಕ ಹಾಕಿಕೊಂಡ. ಪರದೆಯ ಮೇಲೆ ರೈಲು ಹೊರಟಿತು. ಅವನು ಕನ್ನಡಕ ಮತ್ತೆ ತೆಗೆದ. ಕ್ಷೌರಿಕ ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ ಅವನ ಕೈಗೆ ಕೊಟ್ಟ.