ಹದಿನೈದನೆಯ ವಿದ್ಯಾರ್ಥಿ ಬೇಕಾಗಿದ್ದಾರೆ

ಪರ್ಯಾಯ ಶಿಕ್ಷಣ ಎಂದು ಬೋರ್ಡು ಹಾಕಿಕೊಂಡ ಹೈಸ್ಕೂಲಿನಲ್ಲಿ ಮೇಷ್ಟ್ರಾದವನಿಗೆ ಮರ್ಯಾದೆ ಹೋಗಲು ವಿಶೇಷ ಕಾರಣವೇನೂ ಬೇಡ. ಸುಳ್ಯದ ಬಳಿಯ ನಮ್ಮ ಶಾಲೆಯಲ್ಲಿ ಒಂಬತ್ತನೆಯವರೆಗೆ ಪರೀಕ್ಷೆ ಇಲ್ಲ, ಅಂಕ ಇಲ್ಲ. ಈ ವರ್ಷ ಮಕ್ಕಳೂ ಇಲ್ಲ ಎನ್ನುವ ಹಾಗಾಗಿತ್ತು. ಉಳಿದವರು ಹದಿನಾಲ್ಕು. ಜೂನ್ ಮುಗಿಯುವುದರೊಳಗೆ ಹದಿನೈದಾಗದಿದ್ದರೆ ಬಾಗಿಲು ಹಾಕುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಆ ಒಬ್ಬರನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಫ್ಲೆಕ್ಸ್

ಹೋದ ವರ್ಷ ನಮ್ಮಿಂದ ಎಸ್ಸೆಸ್ಸೆಲ್ಸಿಗೆ ಕೂತವನು ಒಬ್ಬ, ಪಾಸಾದವನೂ ಅವನೇ. ‘ನೂರಕ್ಕೆ ನೂರು ಫಲಿತಾಂಶ’ ಎಂದು ಪೇಟೆಯಲ್ಲಿ ಫ್ಲೆಕ್ಸ್ ಕಟ್ಟಿಸಿದೆವು. ಅಂಕಗಳಲ್ಲಿ ನಂಬಿಕೆ ಇಲ್ಲದವರಿಗೆ ಅದು ಶೋಭೆಯಲ್ಲ, ಆದರೂ ಕಟ್ಟಿಸಿದೆವು. ಈ ವರ್ಷ ಇಬ್ಬರು ಕೂತರು, ಒಬ್ಬ ಗಣಿತದಲ್ಲಿ ಬಿದ್ದ.

ಐವರ್ನಾಡಿನ ಮನೆಯೊಂದಕ್ಕೆ ಹೋಗಿ, ಮಗನನ್ನು ನಮ್ಮಲ್ಲಿಗೆ ಕಳಿಸಿ ಎಂದೆ. ಯಜಮಾನರು ಎರಡೂ ಫಲಿತಾಂಶ ಕೇಳಿ ತಿಳಿದುಕೊಂಡರು.

“ಹೋದ ವರ್ಷ ನೂರು, ಈ ವರ್ಷ ಐವತ್ತು. ನನ್ನ ಮಗ ಹತ್ತನೆಗೆ ಬರುವಾಗ ಎಂತ ಉಳಿದೀತು ಮಾರಾಯ್ರೆ?”

ಮೂರು ಪುಟ

ಅಂಕಪಟ್ಟಿಯ ಬದಲು ನಾವು ಪ್ರತಿ ಮಗುವಿನ ಬಗ್ಗೆ ಮೂರು ಪುಟ ಬರೆಯುತ್ತೇವೆ. ಅಜ್ಜಾವರದ ಅಡಿಕೆ ವ್ಯಾಪಾರಿಯೊಬ್ಬರ ಮಗನ ಬಗ್ಗೆ ‘ಕುತೂಹಲಿ, ಸಂವೇದನಾಶೀಲ, ತನ್ನದೇ ಲಯದಲ್ಲಿ ಅರಳುತ್ತಿದ್ದಾನೆ’ ಎಂದೆಲ್ಲ ಬರೆಯಲು ನನಗೆ ಒಂದು ಭಾನುವಾರ ಹಿಡಿದಿತ್ತು. ಅದನ್ನು ಹಿಡಿದುಕೊಂಡು ಅವರ ಅಂಗಡಿಗೆ ಹೋದಾಗ ಅಪ್ಪ ಕರಿಗೋಟನ್ನು, ಅಂದರೆ ಕೆಟ್ಟು ಕಪ್ಪಾದ ಅಡಿಕೆಯನ್ನು, ಆರಿಸಿ ಬದಿಗೆ ಹಾಕುತ್ತಿದ್ದರು. ಕೈ ಒರೆಸಿಕೊಂಡು ಮೂರೂ ಪುಟ ಓದಿದರು. ಇವನೂ ಹೋದರೆ ಹದಿಮೂರು ಎಂದು ನಾನು ಬೆವರುತ್ತಿದ್ದೆ.

“ಬರೆದದ್ದು ಭಾರೀ ಚಂದ ಉಂಟು ಸರ್. ಇನ್ನು ಒಂದೇ ಮಾತಲ್ಲಿ ಹೇಳಿ, ಇವ ಒಳ್ಳೆ ಅಡಿಕೆಯಾ, ಕರಿಗೋಟಾ?”

ಮಕ್ಕಳ ಸಭೆ

ಕೊನೆಗೆ ಕಡಬದ ಕಡೆಯ ರಬ್ಬರ್ ತೋಟದವರೊಬ್ಬರು ಮಗಳನ್ನು ಸೇರಿಸಲು ಒಪ್ಪಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ನಮ್ಮಲ್ಲಿ ಮಕ್ಕಳ ಸಭೆ ಒಪ್ಪದೆ ಏನೂ ನಡೆಯುವ ಹಾಗಿಲ್ಲ. ಆ ನಿಯಮ ಬರೆದ ಮಹಾನುಭಾವ ನಾನೇ. ಅಪ್ಪನನ್ನೂ ಮಗಳನ್ನೂ ಎದುರು ಕೂರಿಸಿ ಸಭೆ ಕರೆದೆ. ಹದಿನಾಲ್ಕು ಕೈಗಳೂ ವಿರೋಧವಾಗಿ ಎದ್ದವು.

ಯಾಕೆಂದು ಕೇಳಿದೆ.

“ಕಬಡ್ಡಿಗೆ ಏಳೇಳು ಜನ ಸರಿ ಉಂಟು ಸರ್. ಇನ್ನೊಬ್ಬರು ಬಂದರೆ ಎಂತ ಮಾಡುದು?”

ಶಾಲೆಯೇ ಮುಚ್ಚುತ್ತದೆ ಎಂದು ಅಂಗಲಾಚಿದೆ. ಸಭೆ ಗುಸುಗುಸು ಮಾತಾಡಿ ಒಂದು ಷರತ್ತು ಹಾಕಿತು: ಹೊಸಬಳು ರೆಫ್ರಿಯಾಗಬೇಕು. ಎಂಟು ವರ್ಷಗಳಿಂದ ರೆಫ್ರಿಯ ಸೀಟಿ ನನ್ನ ಕೊರಳಲ್ಲಿತ್ತು, ಆ ಶಾಲೆಯಲ್ಲಿ ನನಗಿದ್ದ ಅಧಿಕಾರವೂ ಅದೊಂದೇ. ತೆಗೆದು ಕೊಟ್ಟೆ. ಶಾಲೆ ಉಳಿಯಿತು.

ಅಂದು ಸಂಜೆಯ ಆಟದಲ್ಲಿ ಅವಳು ಒಬ್ಬನಿಗೆ ಔಟ್ ಕೊಟ್ಟಳು. ಗೆರೆಯ ಹೊರಗೆ ನಿಂತಿದ್ದ ನಾನು, ಅದು ಔಟಲ್ಲ ಎಂದೆ. ಅವಳು ಸೀಟಿ ಊದಿ ನನ್ನ ಕಡೆ ಬೆರಳು ತೋರಿಸಿದಳು.

“ಸರ್, ನೀವು ಕ್ಲಾಸಿಗೆ ಹೋಗಿ ಕೂತುಕೊಳ್ಳಿ.”