ಅಚ್ಚು ಹಾಕಲೂ ಒಂದು ಕಾಲೇಜು

“ಅಚ್ಚಾಕೋಕೂ ಕಾಲೇಜಾ? ನಾಳೆ ರೊಟ್ಟಿ ತಟ್ಟೋಕೂ ಡಿಗ್ರಿ ಬೇಕು ಅಂತೀಯ!”

ನಂಜನಗೂಡಿನ ಬೆಲ್ಲದ ವ್ಯಾಪಾರಿ ದೊಡ್ಡಸಿದ್ದಯ್ಯನವರು ಹೆಗಲ ಟವೆಲ್ ಕೊಡವಿದರು. ೧೯೯೯ರ ಮಾತು. ಮಗಳು ಮಧುಶ್ರೀಗೆ ಮೈಸೂರಿನಲ್ಲಿ ಪ್ರಿಂಟಿಂಗ್ ಟೆಕ್ನಾಲಜಿ ಸೀಟು ಸಿಕ್ಕಿತ್ತು. ಸೇರಲು ನಾಳೆಯೇ ಕೊನೆಯ ದಿನ. ಅಪ್ಪ ಇನ್ನೂ ‘ಹೂಂ’ ಅಂದಿರಲಿಲ್ಲ.

ಮಧುಶ್ರೀ: ಬಣ್ಣ, ಕಾಗದ, ಮಿಷನ್ನು ಎಲ್ಲಾ ಕಲಿಸ್ತಾರೆ ಅಪ್ಪಾಜಿ.

ದೊಡ್ಡಸಿದ್ದಯ್ಯ: ನಮ್ಮ ಚಿಕ್ಕಬಸಪ್ಪ ಆರನೇ ಕ್ಲಾಸು ಡುಮ್ಕಿ. ಪ್ರೆಸ್ಸು ಮಡಗಿಲ್ವಾ? ನಿಮ್ಮಣ್ಣನ ಲಗ್ನಪತ್ರಿಕೆಯ ಕಲರ್‌ನಲ್ಲೇ ಒಡ್ಕೊಟ್ಟವ್ನೆ, ಮಠದ ಬುದ್ಧಿಯೋರ ಪೋಟೋ ಸಮೇತ!

ಮಧುಶ್ರೀ: ಬಿಚ್ಚಿ ನೋಡಿದ್ರಾ?

ದೊಡ್ಡಸಿದ್ದಯ್ಯ: ನೋಡಾದೇನು? ನಮ್ಮೋನಲ್ವಾ?

ಅಡುಗೆಮನೆಯಿಂದ ಬಂದ ಅಮ್ಮ ರುದ್ರಮ್ಮ ಲಗ್ನಪತ್ರಿಕೆಗಳ ಕಟ್ಟು ಬಿಚ್ಚಿದರು. ಸ್ವಾಮಿಗಳ ಚಿತ್ರಕ್ಕೆ ಕೈ ಮುಗಿಯಹೋದವರು ಅರ್ಧಕ್ಕೇ ನಿಂತರು.

ರುದ್ರಮ್ಮ: ಇದೇನ್ರೀ, ಬುದ್ಧಿಯೋರಿಗೆ ಎರಡು ಮೂಗು!

ದೊಡ್ಡಸಿದ್ದಯ್ಯ: ಬೆಳಕು ಸಾಲ್ದು ಕಣೆ. ಜಗಲಿಗೆ ತತ್ತಾ.

ಜಗಲಿಯ ಬೆಳಕಿನಲ್ಲಿ ನೀಲಿ ಗಡ್ಡವೂ ಕಂಡಿತು. ದೊಡ್ಡಸಿದ್ದಯ್ಯನವರು ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. ಮೂಗು ಕಮ್ಮಿಯಾಗಲಿಲ್ಲ.

ಮಧುಶ್ರೀ: ನಾಲ್ಕು ಬಣ್ಣಾನ ನಾಲ್ಕು ಸಲ ಹಾಕ್ತಾರೆ ಅಪ್ಪಾಜಿ. ಒಂದರ ಮೇಲೊಂದು ಸರಿಯಾಗಿ ಕೂರ್ಬೇಕು. ಇಲ್ಲಿ ಕೆಂಪು ಪಕ್ಕಕ್ಕೆ ಜಾರಿದೆ, ನೀಲಿ ಕೆಳಕ್ಕೆ.

ದೊಡ್ಡಸಿದ್ದಯ್ಯ: ಜಾರ್ಲಿ ಬುಡು. ಯಾರು ಅಷ್ಟು ನೋಡ್ತಾರೆ?

ರುದ್ರಮ್ಮ: ಮೊದಲ್ನೇ ಪತ್ರಿಕೆ ಬುದ್ಧಿಯೋರ ಪಾದಕ್ಕೇ ಅಲ್ವಾ ಮಡಗೋದು? ಅವರ ಮುಖವ ಅವರೇ ನೋಡ್ಕಳಲ್ವಾ?

ದೊಡ್ಡಸಿದ್ದಯ್ಯನವರು ಹೆಬ್ಬೆರಳಿನಿಂದ ಒಂದು ಮೂಗನ್ನು ಮುಚ್ಚಿ ನೋಡಿದರು.

ದೊಡ್ಡಸಿದ್ದಯ್ಯ: ಪತ್ರಿಕೆ ಮೂಲೆಗೆ ಅರಿಶಿನ ಅಚ್ತೀವಲ್ಲ, ಅದ್ನೇ ವಸಿ ಮೂಗಿಗೂ ಬಳುದ್ಬುಟ್ರೆ?

ರುದ್ರಮ್ಮ: ಬಳೀರಿ! ಬುದ್ಧಿಯೋರ್ನೂ ಮದುವಣಗಿತ್ತಿ ಮಾಡ್ಬುಡಿ!

ಮಧುಶ್ರೀ: ಮೈಸೂರಲ್ಲಿ ಬೇರೆ ಹಾಕಿಸೋಣ. ನಾನೇ ಮಿಷನ್ ಪಕ್ಕ ನಿಂತು, ಮೊದಲ್ನೇ ಹಾಳೆ ಸರಿಯಿದ್ರೆ ಮಾತ್ರ ಮುಂದಕ್ಕೆ ಬಿಡ್ತೀನಿ.

ದೊಡ್ಡಸಿದ್ದಯ್ಯ: ನಿಂತ್ಕವ್ವ, ತಾಯಿ!

ಮಧುಶ್ರೀ: ಮೊದಲು ಕಾಲೇಜಿಗೆ ಸೇರಿಸಿ. ಪ್ರೆಸ್ಸು ಆಮೇಲೆ.

ದೊಡ್ಡಸಿದ್ದಯ್ಯನವರು ಮಗಳನ್ನು ನೋಡಿದರು, ಪತ್ರಿಕೆಯನ್ನು ನೋಡಿದರು. ಅಲ್ಲಿಂದ ಸ್ವಾಮಿಗಳು ಎರಡೆರಡು ಜೊತೆ ಕಣ್ಣಿಂದ ಅವರನ್ನೇ ನೋಡುತ್ತಿದ್ದರು.

ದೊಡ್ಡಸಿದ್ದಯ್ಯ: ಹೂಂ. ಸೇರ್ಕೊ. ಆದ್ರೆ ಅಂಗ್ಡಿ ಬೀದೀಲಿ ಯಾರಾರೂ ಕೇಳುದ್ರೆ, ಕಂಪ್ಯೂಟರ್ ಓದ್ತಾವ್ಳೆ ಅಂತೀನಿ.

ರುದ್ರಮ್ಮ: ಅಂಗ್ಯಾಕಂತೀರಿ? ಕಂಪ್ಯೂಟರ್ ಓದೋರು ಬೀದಿಗಿಬ್ರು ಅವ್ರೆ. ಬುದ್ಧಿಯೋರ ಮಾನ ಕಾಯೋಕೆ ಓದೋಳು ಈ ತಾಲ್ಲೂಕಿಗೆ ನಮ್ಮೋಳೊಬ್ಳೇ!