ಶಾಮಿಯಾನದವರೂ ನನ್ನ ಪಾಲಿಸಿಯೂ

ವಿಮೆ ಮಾರುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಅಂತ ಜನ ಕೇಳುತ್ತಾರೆ. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಒಂದು ದಿನ ನನ್ನ ಸ್ಕೂಟರ್ ಹಿಂದೆ ಕೂತು ಬಂದರೆ ತಿಳಿಯುತ್ತದೆ. ನಾನು ಮಾರುವುದು ಜೀವವಿಮೆಯಲ್ಲ. ಅಂಗಡಿ, ಹೋಟೆಲಿನವರ ಮೇಲೆ ಗಿರಾಕಿ ಕೇಸು ಹಾಕಿದರೆ ವಕೀಲರನ್ನೂ ಪರಿಹಾರವನ್ನೂ ನೋಡಿಕೊಳ್ಳುವ ಪಾಲಿಸಿ.

೧. ಮೆಲ್ಲಗೆ

ನಂಜನಗೂಡಿನ ಒಂದು ಊಟದ ಹೋಟೆಲು. ಮಧ್ಯಾಹ್ನದ ಹೊತ್ತಿಗೆ ಹೋದದ್ದೇ ನನ್ನ ತಪ್ಪು. ಗಲ್ಲಾದಲ್ಲಿದ್ದ ಮಾಲೀಕರಿಗೆ ಬಹಳ ಉತ್ಸಾಹದಿಂದ ವಿವರಿಸಿದೆ.

"ನಿಮ್ಮ ಸಾಂಬಾರಿನಿಂದ ಯಾರಿಗೋ ವಾಂತಿಭೇದಿ ಆಯ್ತು ಅಂದ್ಕೊಳ್ಳಿ. ಆಸ್ಪತ್ರೆ ಸೇರಿದ್ರು ಅಂದ್ಕೊಳ್ಳಿ. ನಿಮ್ಮ ಮೇಲೆ ಕೇಸ್ ಹಾಕಿದ್ರು ಅಂದ್ಕೊಳ್ಳಿ..."

ಹಿಂದೆ ಮೂರು ಟೇಬಲಿನವರು ಸಾಂಬಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಮಾಲೀಕರು ಕೈ ಮುಗಿದರು.

"ಮೆಲ್ಲಗೆ ಮಾತಾಡಿ ಸಾ. ಕೇಸ್ ಹಾಕೋಕಾದ್ರೂ ಗಿರಾಕಿ ಉಳೀಬೇಕಲ್ವಾ?"

೨. ಒಂದು ಚಿಪ್ಪು ರಸಬಾಳೆ

ನರಸೀಪುರದ ಶಾಮಿಯಾನದವರು ಮಾತ್ರ ನನ್ನ ಮಾತು ನಂಬಿ, ಮರುಮಾತಿಲ್ಲದೆ ಸಹಿ ಹಾಕಿದರು. ಆ ವರ್ಷವೇ ಬನ್ನೂರಿನ ಮದುವೆಯೊಂದರಲ್ಲಿ ಅವರು ಹಾಸಿದ್ದ ಕಾರ್ಪೆಟ್ ಕಾಲಿಗೆ ಸಿಕ್ಕಿ, ಗಂಡಿನ ಕಡೆಯ ಹಿರಿಯರೊಬ್ಬರು ಬಿದ್ದು ಕೈ ಮುರಿದುಕೊಂಡರು. ವಕೀಲರ ನೋಟಿಸ್ ಬಂತು. ಪಾಲಿಸಿ ಕೈಕೊಟ್ಟರೆ ಅಂಗಡಿಯನ್ನೇ ಮಾರಬೇಕಾದ ಸ್ಥಿತಿ. ಅವರಿಗಿಂತ ಹೆಚ್ಚು ನಾನೇ ಹೆದರಿದ್ದೆ.

ಕಂಪನಿಯ ವಕೀಲರು ಹೇಳಿದ್ದು ಒಂದೇ ಮಾತು: ನಮ್ಮನ್ನು ಕೇಳದೆ ತಪ್ಪು ಒಪ್ಪಿಕೊಳ್ಳಬಾರದು, ಒಪ್ಪಿಕೊಂಡರೆ ಪಾಲಿಸಿಯ ದುಡ್ಡು ಬರುವುದಿಲ್ಲ. ಆ ಸಂಜೆ ಫೋನ್ ಮಾಡಿದರೆ ನಮ್ಮ ಶಾಮಿಯಾನದವರು ಆಗಲೇ ಹಿರಿಯರ ಮನೆಗೆ ಹೋಗಿ, ಒಂದು ಚಿಪ್ಪು ರಸಬಾಳೆ ಕೊಟ್ಟು, ಕಾಲಿಗೂ ಬಿದ್ದು ಬಂದಿದ್ದರು.

"ತಪ್ಪು ನಂದೇ ಅಂದ್ಬಿಟ್ರಾ?" ಅಂದೆ.

"ಎಲ್ಲಾದ್ರೂ ಉಂಟಾ ಸಾ? ವಕೀಲ್ರು ಬ್ಯಾಡ ಅಂದವ್ರಲ್ಲಾ. 'ತಪ್ಪು ನಂದಲ್ಲ ಯಜಮಾನ್ರೇ, ಆದ್ರೂ ಕ್ಷಮಿಸ್ಬುಡಿ' ಅಂದೆ."

ಪುಣ್ಯಕ್ಕೆ ಕಂಪನಿಯವರು ಪರಿಹಾರ ಕೊಟ್ಟು ಕೇಸು ಮುಗಿಸಿದರು. ಅಂಗಡಿ ಉಳಿಯಿತು. ನಾನು ಖಡಾಖಂಡಿತವಾಗಿ ಹೇಳಿದೆ, "ಇನ್ಮೇಲೆ ಯಾರೇ ಬೀಳಲಿ, ಬಾಯಿ ಬಿಡೋ ಮುಂಚೆ ನನಗೆ ಫೋನ್ ಮಾಡಿ. ಇಲ್ದಿದ್ರೆ ಅಂಗಡಿ ಹೋಗುತ್ತೆ." ಅವರು ಅದನ್ನು ಮಂತ್ರದ ಹಾಗೆ ಎರಡು ಸಲ ಹೇಳಿಕೊಂಡರು.

೩. ಕುರ್ಚಿ

ಹೋದ ತಿಂಗಳು ತಾಂಡವಪುರದಲ್ಲಿ ನಂಜನಗೂಡಿನ ಆ ಹೋಟೆಲ್ ಮಾಲೀಕರ ಹೊಸ ಮನೆಯ ಗೃಹಪ್ರವೇಶ. ಶಾಮಿಯಾನ, ಕುರ್ಚಿ ಎಲ್ಲ ನಮ್ಮವರದೇ. ನಾನು ಎಲೆ ಮುಂದೆ ಕೂತು ಪಾಯಸಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಲಟಕ್ಕೆಂದಿತು. ಅಂಗಾತ ಬಿದ್ದೆ. ಸೊಂಟ ಹಿಡಿದುಕೊಂಡಿತು, ಏಳಲಾಗಲಿಲ್ಲ.

ಶಾಮಿಯಾನದವರು ಓಡಿ ಬಂದರು. ಏನೋ ಹೇಳಲು ಬಾಯಿ ತೆರೆದವರು ತಟ್ಟನೆ ಮುಚ್ಚಿಕೊಂಡರು. ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲ್ ತೆಗೆದರು. ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಲಗಿದ್ದಲ್ಲಿಂದಲೇ ಎತ್ತಿದೆ.

"ಸಾ, ನಮ್ ಕುರ್ಚಿಯಿಂದ ಒಬ್ರು ಬಿದ್ಬುಟ್ಟವ್ರೆ."

"ಗೊತ್ತು ಕಣ್ರೀ!" ಅಂತ ಕೂಗಿದೆ.

ಪಂಕ್ತಿಯ ಆ ತುದಿಯಿಂದ ಹೋಟೆಲ್ ಮಾಲೀಕರು, "ಮೆಲ್ಲಗೆ ಮಾತಾಡಿ ಸಾ, ನೆಂಟ್ರು ಉಣ್ತಾವ್ರೆ" ಅಂದರು.

"ಸಾರಿ ಕೇಳ್ಬೋದಾ ಸಾ?" ಫೋನಿನಲ್ಲಿ ಶಾಮಿಯಾನದವರು.

"ಸಾರಿ ಆಮೇಲಾಯ್ತು. ಮೊದಲು ನನ್ನನ್ನ ಎಬ್ಬಿಸ್ರೀ!"

ಅವರು ನನ್ನನ್ನು ನೋಡಿದರು, ಮುರಿದ ಕುರ್ಚಿಯನ್ನು ನೋಡಿದರು. ಆಮೇಲೆ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು ಕೇಳಿದರು:

"ಎಬ್ಸುದ್ರೆ ತಪ್ಪು ಒಪ್ಕೊಂಡಂಗೆ ಆಗಲ್ವಾ ಸಾ?"